ಕುರಿ ಅದ್ದುವ ತೊಟ್ಟಿ: ಒಂದೇ ನಕ್ಷೆಯಲ್ಲಿ ಇತಿಹಾಸ ಮತ್ತು ವಿಷ

ಆಸ್ಟ್ರೇಲಿಯಾದಲ್ಲಿ ಕುರಿ ಸಾಕುವ ದೊಡ್ಡ ಜಮೀನಿಗೆ ಸ್ಟೇಷನ್ ಅಂತಾರೆ. ಹಳೆಯ ಸ್ಟೇಷನ್‌ಗಳಲ್ಲಿ ಎಲ್ಲರ ಕಣ್ಣು ಹೋಗುವುದು ಉಣ್ಣೆ ಕತ್ತರಿಸುವ ಶೆಡ್ಡಿನ ಮೇಲೆ. ಕಿಂಚೆಗಾದಲ್ಲಿರುವ 1875ರ ಶೆಡ್ಡನ್ನು ನೋಡಲು ಜನ ದೂರದಿಂದ ಬರುತ್ತಾರೆ. ಆದರೆ ಶೆಡ್ ಇದ್ದಲ್ಲಿ ಸಾಮಾನ್ಯವಾಗಿ ಕುರಿ ಅದ್ದುವ ತೊಟ್ಟಿಯೂ ಇರುತ್ತಿತ್ತು. ಕಜ್ಜಿ, ಹೇನು ಹೋಗಲಿ ಅಂತ ಕುರಿಗಳನ್ನು ಮದ್ದಿನ ನೀರಲ್ಲಿ ಮುಳುಗಿಸುತ್ತಿದ್ದುದು ಅದರಲ್ಲೇ. ಅದನ್ನು ಅಲ್ಲಿನವರು ‘ಡಿಪ್’ ಅಂತಾರೆ. ಅದರ ಫೋಟೊ ಯಾರೂ ತೆಗೆಯುವುದಿಲ್ಲ. ಎಷ್ಟೋ ಕಡೆ ಮಣ್ಣು ತುಂಬಿ ಮರೆತುಬಿಟ್ಟಿದ್ದಾರೆ. ನನಗೆ ಸಂಕಟವಾಗುವುದೇ ಇಲ್ಲಿ.

ನ್ಯೂ ಸೌತ್ ವೇಲ್ಸ್‌ನಲ್ಲಿ ಹಳೆಯ ಕಟ್ಟಡಗಳನ್ನು ಅಳೆದು ದಾಖಲಿಸುವುದು ನನ್ನ ಕೆಲಸ. ಊರು ಶಿರಾ ಕಡೆ. ಕುರಿಗೆ ಕಜ್ಜಿ, ಹೇನು ಹತ್ತಿದರೆ ಸಾಕಿದವರು ಪಡುವ ಪಾಡು ನೋಡಿಕೊಂಡೇ ಬೆಳೆದವನು. ಹಾಗಾಗಿ ಇದೇ ರಾಜ್ಯದ ರಿವರೀನಾ ಪ್ರದೇಶದ ಒಂದು ಸ್ಟೇಷನ್ನಿನ ಡಿಪ್ ದಾಖಲಿಸುವ ಕೆಲಸ ಬಂದಾಗ ತುಂಬಾ ಆಸೆಯಿಂದ ಒಪ್ಪಿಕೊಂಡೆ.

ಕಜ್ಜಿ ಇಲ್ಲಿನ ಉಣ್ಣೆ ವ್ಯಾಪಾರವನ್ನೇ ನಡುಗಿಸಿದ ರೋಗ. 1832ರಲ್ಲೇ ನ್ಯೂ ಸೌತ್ ವೇಲ್ಸ್ ಅದರ ವಿರುದ್ಧ ಕಾನೂನು ಮಾಡಿತ್ತು. ಮೊದಮೊದಲು ತಂಬಾಕು ಕುದಿಸಿದ ನೀರಿಗೆ ಗಂಧಕ ಬೆರೆಸಿ ಕುರಿ ಅದ್ದುತ್ತಿದ್ದರು. ಇಂಗ್ಲೆಂಡಿನ ಪಶುವೈದ್ಯ ವಿಲಿಯಂ ಕೂಪರ್ 1852ರಲ್ಲಿ ಆರ್ಸೆನಿಕ್ ಎಂಬ ವಿಷ ಮತ್ತು ಗಂಧಕ ಬೆರೆಸಿದ ಪುಡಿ ತಂದ. 1896ರ ಹೊತ್ತಿಗೆ ಆಸ್ಟ್ರೇಲಿಯಾದಿಂದ ಕಜ್ಜಿ ಹೋಯಿತು. ಹೇನು ಮಾತ್ರ ಹೋಗಲಿಲ್ಲ, ಅದ್ದುವುದೂ ನಿಲ್ಲಲಿಲ್ಲ. ಆಮೇಲೆ ಡಿಡಿಟಿಯಂಥ ಮದ್ದುಗಳೂ ಇದೇ ತೊಟ್ಟಿಗಳಿಗೆ ಬಿದ್ದವು.

ಸ್ಥಳಕ್ಕೆ ಹೋಗುವ ಮುಂಚೆ ಸ್ಟೇಷನ್ನಿನ ಹಳೆಯ ಲೆಕ್ಕದ ಪುಸ್ತಕ ಕೇಳಿ ಪಡೆದೆ. ಯಾವ ಮದ್ದು ಕೊಂಡರು ಅನ್ನುವುದು ಅದರಲ್ಲೇ ಸಿಗುತ್ತದೆ. ಹಿಂದೆ ಅಲ್ಲಿ ದುಡಿದಿದ್ದ ಹಿರಿಯರೊಬ್ಬರನ್ನೂ ಜೊತೆಗೆ ಕರೆದುಕೊಂಡೆ. ಇದನ್ನು ಯಾರೂ ಬಿಡಬೇಡಿ. ತೊಟ್ಟಿಯ ಆಚೆ ತುದಿಯ ಪುಟ್ಟ ದೊಡ್ಡಿ ಯಾಕೆ ಅಂತ ಕಲ್ಲು ನೋಡಿದರೆ ಗೊತ್ತಾಗುವುದಿಲ್ಲ. ಅಲ್ಲಿ ಒಂದೆರಡು ಕುರಿ ಕಟ್ಟುತ್ತಿದ್ದರಂತೆ. ಅವನ್ನು ಕಂಡು ಉಳಿದವು ಮುಂದೆ ಬರುತ್ತಿದ್ದವು. ಬಾಯಾರಿದ ಕುರಿ ಮದ್ದಿನ ನೀರು ಕುಡಿದುಬಿಡುತ್ತದೆ, ಅದಕ್ಕೇ ಮೊದಲು ನೀರು ಕುಡಿಸಿ ತರುತ್ತಿದ್ದೆವು ಅಂದರು. ಕವೆಗೋಲಿನಿಂದ ಕುರಿಯ ತಲೆಯನ್ನು ನೀರೊಳಗೆ ಹೇಗೆ ಒತ್ತಬೇಕು ಅನ್ನುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ನಾನು ಅದನ್ನೂ ಚಿತ್ರ ಬಿಡಿಸಿಕೊಂಡೆ.

ಅಳತೆ ಶುರುವಾದ ಮೇಲೆ ತೊಟ್ಟಿಯೇ ಮಾತಾಡಿತು. ಕೆಳಗೆ ಇಟ್ಟಿಗೆ, ಮೇಲೆ ಕಾಂಕ್ರೀಟು. ಕಾಂಕ್ರೀಟಿನ ಮೇಲೆ ಹಲಗೆಯ ಗೆರೆಗಳು ಹಾಗೇ ಉಳಿದಿದ್ದವು. ಅಂದರೆ ಕನಿಷ್ಠ ಎರಡು ಕಾಲದ ಕೆಲಸ. ಕುರಿ ಹತ್ತಿ ಬರುವ ಕಡೆ ಕಾಲು ಜಾರದಂತೆ ಅಡ್ಡಪಟ್ಟಿ. ಅದರಾಚೆ ನೀರು ಸೋರುವ ದೊಡ್ಡಿ. ಅದರ ನೆಲ ತೊಟ್ಟಿಯ ಕಡೆಗೇ ಇಳಿಜಾರು, ಉಣ್ಣೆಯಿಂದ ಸೋರಿದ ಮದ್ದು ವಾಪಸ್ ಬರಲಿ ಅಂತ. ನಡುವೆ ಹಿಕ್ಕೆ, ಕೆಸರು ತಂಗುವ ಗುಂಡಿ. ಮದ್ದು ದುಬಾರಿ, ಒಂದು ಹನಿಯೂ ದಂಡವಾಗಬಾರದು. ಆ ಇಳಿಜಾರನ್ನು ನಾನು ತುಂಬಾ ಹೊತ್ತು ನೋಡುತ್ತಾ ನಿಂತೆ. ಎಂಥಾ ಲೆಕ್ಕಾಚಾರ ಅಲ್ವಾ!

ಆದರೂ ಮದ್ದು ನೆಲಕ್ಕೆ ಸೇರಿಯೇ ಸೇರುತ್ತದೆ. ತೊಟ್ಟಿ ಖಾಲಿ ಮಾಡುವಾಗ ಪಕ್ಕದ ಹೊಲಕ್ಕೆ ಬಿಡುತ್ತಿದ್ದರು. ಆರ್ಸೆನಿಕ್ ಕೊಳೆತು ಹೋಗುವ ವಸ್ತುವಲ್ಲ. ಜೇಡಿಮಣ್ಣನ್ನು, ಮಣ್ಣಿನೊಳಗಿನ ಕಬ್ಬಿಣವನ್ನು ಕಚ್ಚಿಕೊಂಡು ದಶಕಗಟ್ಟಲೆ ಅಲ್ಲೇ ಕೂರುತ್ತದೆ. ಮಾಲೀಕರಿಗೆ ತೊಟ್ಟಿ ಮುಚ್ಚಿ ಅಲ್ಲಿ ತರಕಾರಿ ತೋಟ ಮಾಡುವ ಯೋಚನೆ ಇತ್ತು. ನನ್ನ ಎದೆ ಧಸಕ್ಕೆಂದಿತು.

ಮಣ್ಣು ಪರೀಕ್ಷೆ ಮಾಡುವ ಗೆಳತಿಯೊಬ್ಬಳು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ತಂದಳು. ಮಣ್ಣಿಗೆ ಎಕ್ಸ್-ಕಿರಣ ಬಿಟ್ಟು ಅದರಲ್ಲಿ ಯಾವ ಧಾತು ಎಷ್ಟಿದೆ ಅಂತ ಹೇಳುತ್ತದೆ ಅದು. ಕೈಗವಸು, ಮಾಸ್ಕ್ ಹಾಕಿಕೊಂಡು, ನಾನು ಬಿಡಿಸಿದ ನಕ್ಷೆಯ ಮೇಲೆಯೇ ಚೌಕ ಹಾಕಿ ಒಂದೊಂದು ಜಾಗದ ಆರ್ಸೆನಿಕ್ ನೋಡಿದೆವು. ಹಳೆಯ ಸೀಸದ ಬಣ್ಣ ಉದುರಿದ ಕಡೆ ಎಚ್ಚರ ಬೇಕು. ಸೀಸದ ಗುರುತೂ ಆರ್ಸೆನಿಕ್‌ನ ಗುರುತೂ ಆ ಯಂತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅಂಥ ಜಾಗದ ಮಣ್ಣನ್ನು ಲ್ಯಾಬಿಗೆ ಕಳಿಸಿದೆವು. ಮನೆಯಂಗಳದ ಮಣ್ಣಿನಲ್ಲಿ ಕಿಲೋಗೆ 100 ಮಿಲಿಗ್ರಾಂ ಆರ್ಸೆನಿಕ್ ದಾಟಿದರೆ ತನಿಖೆ ಆಗಬೇಕು ಅನ್ನುತ್ತದೆ ಆಸ್ಟ್ರೇಲಿಯಾದ ಮಾರ್ಗಸೂಚಿ. ಸೋರುವ ದೊಡ್ಡಿಯ ಅಂಚು, ಹೊರಹರಿವಿನ ಕಾಲುವೆ ಎರಡೂ ಅದನ್ನು ದಾಟಿದ್ದವು. ಹಿರಿಯರು ಬೆರಳು ತೋರಿಸಿದ್ದ ಜಾಗವೂ ಅದೇ.

ಇತಿಹಾಸದ ನಕ್ಷೆ, ವಿಷದ ನಕ್ಷೆ ಅಂತ ಎರಡು ಬೇರೆ ಮಾಡುವುದು ಇಲ್ಲಿನ ರೂಢಿ. ನಾನು ಒಪ್ಪುವುದಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬಿಡಿಸಿದೆ. ತೊಟ್ಟಿಯನ್ನು ಸುಮ್ನೆ ಮುಚ್ಚಿದ್ದರೆ ವಿಷ ಎಲ್ಲಿದೆ ಅನ್ನುವ ತಿಳಿವಳಿಕೆಯೂ ಅದರ ಜೊತೆಗೇ ಮುಚ್ಚಿಹೋಗುತ್ತಿತ್ತು.

ಪಾರಂಪರಿಕ ಸ್ಥಳಗಳಿಗೆ ಇಲ್ಲಿ ಎಲ್ಲರೂ ಅನುಸರಿಸುವುದು 1979ರಲ್ಲಿ ಮೊದಲು ಬಂದ ಬುರ್ರಾ ಚಾರ್ಟರ್ ಎಂಬ ಮಾರ್ಗಸೂಚಿ. ಅಗತ್ಯ ಇದ್ದಷ್ಟು ಮಾಡಿ, ಆದರೆ ಆದಷ್ಟು ಕಡಿಮೆ ಮಾಡಿ ಅನ್ನುತ್ತದೆ ಅದು. ಹಾಗೇ ಮಾಡಿದೆವು. ತೊಟ್ಟಿಯನ್ನು ಅಗೆಯಲಿಲ್ಲ, ತೊಳೆಯಲಿಲ್ಲ. ಸುತ್ತ ಬೇಲಿ ಹಾಕಿಸಿದೆವು. ಕಾಲುವೆಯ ಮೇಲೆ ದಪ್ಪ ಬಟ್ಟೆ ಹಾಸಿ ಒಳ್ಳೆಯ ಮಣ್ಣು ಹೊದಿಸಿದೆವು. ತೋಟ ಮನೆಯ ಆಚೆ ಮಗ್ಗುಲಿಗೆ ಹೋಯಿತು. ನಕ್ಷೆಯ ಒಂದು ಪ್ರತಿ ಸ್ಥಳೀಯ ಕೌನ್ಸಿಲ್ ಕಡತದಲ್ಲಿದೆ, ಇನ್ನೊಂದು ಆಸ್ತಿಪತ್ರದ ಜೊತೆಯಲ್ಲಿದೆ. ನಾಳೆ ಜಮೀನು ಕೊಳ್ಳುವವರು ಮೊದಲು ಅದನ್ನು ಬಿಡಿಸಿ ನೋಡಲಿ ಅಂತ.