ಬಲತುದಿಯ ಖಾಲಿ ಕಂಬಸಾಲು

ಹಾರ್ಡ್‌ಕೋರ್ ಗೇಮ್, ಅಂದರೆ ಆಟಗಾರನನ್ನು ಹಿಂಡಿಹಾಕುವ ಕಠಿಣ ವಿಡಿಯೊ ಗೇಮ್, ಎಂದರೆ ಏನು ಎಂದು ಯಾರಾದರೂ ಕೇಳಿದರೆ ಡಾರ್ಕ್ ಸೋಲ್ಸ್ ಹೆಸರು ಹೇಳಿ, ಮುಗಿಸಿದ್ದೇನೆ ಎಂದೂ ಸೇರಿಸುತ್ತಿದ್ದೆ. 2011ರ ಆ ಆಟದಲ್ಲಿ ಸತ್ತರೆ ಕೂಡಿಟ್ಟ ಸೋಲ್‌ಗಳೆಲ್ಲ (ಶತ್ರುಗಳನ್ನು ಕೊಂದು ಗಳಿಸುವ, ಆಟದೊಳಗಿನ ಹಣ) ಸತ್ತ ಜಾಗದಲ್ಲೇ ಉಳಿಯುತ್ತವೆ. ಅವನ್ನು ಎತ್ತಿಕೊಳ್ಳುವ ಮುಂಚೆ ಇನ್ನೊಮ್ಮೆ ಸತ್ತರೆ ಹೋದವೇ ಸರಿ. ನಾನು ಹೇಳದೆ ಬಿಡುತ್ತಿದ್ದದ್ದು ಆಡಿದ ರೀತಿಯನ್ನು. ಬಾಸ್ ಎನ್ನುವ ದೊಡ್ಡ ಶತ್ರು ಎದುರಾದಾಗಲೆಲ್ಲ ಇನ್ನೊಬ್ಬ ಆಟಗಾರನನ್ನು ಸಹಾಯಕ್ಕೆ ಕರೆದು ಗುರಾಣಿ ಹಿಡಿದು ಮೂಲೆ ಸೇರುತ್ತಿದ್ದೆ. ಕರೆಯುವ ಸೌಲಭ್ಯವನ್ನು ಆಟವೇ ಕೊಟ್ಟಿದೆ, ತಪ್ಪೇನಿಲ್ಲ. ಆದರೆ ಬಾಸ್ ಹೇಗೆ ಸತ್ತಿತು ಎಂದು ಕೇಳಿದ್ದರೆ ತೊದಲುತ್ತಿದ್ದೆ.

ಸೊಕ್ಕು ಇಳಿಸಿದ್ದು ಟೆಟ್ರಿಸ್. 1984ರಲ್ಲಿ ಅಲೆಕ್ಸಿ ಪಜಿಟ್ನೊವ್ ರೂಪಿಸಿದ, ಎಲ್ಲರೂ ಹೊತ್ತು ಕಳೆಯಲು ಆಡುವ ಅದೇ ಆಟ. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸಬೇಕು; ಅಡ್ಡಸಾಲು ತುಂಬಿದರೆ ಅಳಿಯುತ್ತದೆ, ರಾಶಿ ಮೇಲಂಚು ಮುಟ್ಟಿದರೆ ಸತ್ತಂತೆ. ನಿಂಟೆಂಡೊ ಕಂಪನಿಯ ಎನ್‌ಇಎಸ್ ಗೇಮ್ ಯಂತ್ರಕ್ಕೆ 1989ರಲ್ಲಿ ಬಂದ ಆವೃತ್ತಿಯನ್ನು ತಮಾಷೆಗೆಂದು ಲೆವೆಲ್ 18ರಿಂದ ಶುರುಮಾಡಿದೆ. ಲೆವೆಲ್ ಏರಿದಂತೆ ವೇಗವೂ ಏರುತ್ತದೆ. ಅಲ್ಲಿ ತುಂಡು ಮೇಲಿನಿಂದ ತಳಕ್ಕೆ ಬರಲು ಸುಮಾರು ಒಂದೇ ಸೆಕೆಂಡು. 11 ಸಾಲು ಅಳಿಸುವಷ್ಟರಲ್ಲಿ ಆಟ ಮುಗಿದಿತ್ತು.

ಬೆರಳು ನಿಧಾನ ಎಂದುಕೊಂಡೆ. ನಿಜವಾದ ರೋಗ ಬೇರೆ ಇತ್ತು, ಅದು ಗೊತ್ತಾಗಿದ್ದು ಅಂಕಗಳ ಲೆಕ್ಕ ಹಾಕಿದಾಗ. ಒಂದು ಸಾಲಿಗೆ 40, ನಾಲ್ಕನ್ನು ಒಂದೇ ಏಟಿಗೆ ಅಳಿಸಿದರೆ 1200. ಲೆವೆಲ್ ಸಂಖ್ಯೆಗೆ ಒಂದು ಕೂಡಿಸಿ, ಬಂದದ್ದರಿಂದ ಅದನ್ನು ಗುಣಿಸುತ್ತಾರೆ. ಅಂದರೆ ಲೆವೆಲ್ 18ರಲ್ಲಿ ನಾಲ್ಕು ಸಾಲನ್ನು ಬಿಡಿಬಿಡಿಯಾಗಿ ಅಳಿಸಿದರೆ 3040, ಒಟ್ಟಿಗೆ ಅಳಿಸಿದರೆ 22,800. ಸಾಲು ತುಂಬಿದೊಡನೆ ಅಳಿಸಿ ನಿರಾಳವಾಗುವವನಿಗೂ, ಬಲತುದಿಯ ಕಂಬಸಾಲನ್ನು ಖಾಲಿ ಬಿಟ್ಟು ಉಳಿದದ್ದನ್ನು ಎತ್ತರಿಸುತ್ತ ನಾಲ್ಕು ಮನೆಯ ಉದ್ದ ಕಡ್ಡಿಗಾಗಿ ಕಾಯುವವನಿಗೂ ಆಟ ಒಂದೇ, ತುಂಡುಗಳೂ ಅವೇ. ಎರಡನೆಯವನು ಮಾತ್ರ ಬೇಕೆಂದೇ ಸಾವನ್ನು ಹತ್ತಿರ ಕರೆದುಕೊಳ್ಳುತ್ತಾನೆ.

ಕಡ್ಡಿಯೋ, ಬೇಕೆಂದಾಗ ಬರುವುದಿಲ್ಲ. ಈಚಿನ ಆವೃತ್ತಿಗಳು ಏಳು ಬಗೆಯ ತುಂಡುಗಳನ್ನು ಒಂದು ಚೀಲಕ್ಕೆ ಹಾಕಿ ಕಲಸಿ ಕೊಡುತ್ತವೆ. ಎರಡು ಕಡ್ಡಿಗಳ ನಡುವೆ ಹೆಚ್ಚೆಂದರೆ 12 ತುಂಡು. ಹಳೆಯದಕ್ಕೆ ಆ ಕರುಣೆಯಿಲ್ಲ.

ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿ, ಪ್ರತಿ ಸಾವಿನ ಕಾರಣವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಒಂದು ಆಟ ಚೆನ್ನಾಗಿ ನೆನಪಿದೆ. ಬಲಗಡೆ ಖಾಲಿ ಬಿಟ್ಟ ಕಂಬಸಾಲು ಒಂಬತ್ತು ಸಾಲಿನ ಆಳದ ಬಾವಿ. ಒಂದು ಎಲ್ ಆಕಾರದ ತುಂಡು ಬಂತು. ಅದನ್ನು ಬಾವಿಯ ಬಾಯಿಗೆ ಇಟ್ಟು ಮೇಲಿನ ಒಂದೆರಡು ಸಾಲು ಅಳಿಸಿ ಉಸಿರಾಡಬಹುದಿತ್ತು. ಬಾವಿ ಮುಚ್ಚಿಹೋಗುತ್ತದಲ್ಲ ಎಂಬ ಹೆದರಿಕೆಗೆ ಎಡಗಡೆ ಒತ್ತಿದೆ. ಅಲ್ಲಿ ಅದರ ಅಡಿ ಒಂದು ತೂತು ಉಳಿಯಿತು. ಸತ್ತದ್ದು ಹದಿನಾಲ್ಕು ತುಂಡುಗಳ ಬಳಿಕ, ವೇಗ ತಾಳಲಾರದೆ ಸತ್ತೆ ಅನ್ನಿಸುವಂತೆ. ವಿಡಿಯೊ ಹಿಂದಕ್ಕೆ ಓಡಿಸಿ ನೋಡದಿದ್ದರೆ ಬೆರಳನ್ನೇ ಬೈದುಕೊಂಡು ಇರುತ್ತಿದ್ದೆ.

ಬೆರಳಿನದೂ ಪಾಲಿದೆ ಎನ್ನಿ. ಲೆವೆಲ್ 29ರಲ್ಲಿ ತುಂಡು ಫ್ರೇಮಿಗೊಂದು (ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೊಂದು) ಸಾಲು ಇಳಿಯುತ್ತದೆ: 20 ಸಾಲು, ಸೆಕೆಂಡಿನ ಮೂರನೇ ಒಂದು ಭಾಗ. ಗುಂಡಿ ಒತ್ತಿ ಹಿಡಿದರೆ ಅದು ಪಕ್ಕಕ್ಕೆ ಸರಿಯುವುದು 6 ಫ್ರೇಮಿಗೆ ಒಂದು ಮನೆ. ಗೋಡೆ ಮುಟ್ಟುವಷ್ಟರಲ್ಲಿ ತಳ ಸೇರಿರುತ್ತದೆ. ಹಾಗಾಗಿ ಬಹುಕಾಲ ಅದೇ ಆಟದ ಕೊನೆ ಎಂದು ಎಲ್ಲರೂ ನಂಬಿದ್ದರು. ಆಮೇಲೆ ಕೆಲವರು ಗುಂಡಿಯನ್ನು ನಡುಗುವ ವೇಗದಲ್ಲಿ ಕುಟ್ಟಿದರು. ಇನ್ನು ಕೆಲವರು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಕಂಟ್ರೋಲರಿನ ಬೆನ್ನಿಗೆ ಇನ್ನೊಂದು ಕೈಯ ಬೆರಳುಗಳಿಂದ ತಬಲಾ ಬಾರಿಸಿದಂತೆ ಬಾರಿಸಿದರು. 2023ರ ಡಿಸೆಂಬರಿನಲ್ಲಿ 13 ವರ್ಷದ ಹುಡುಗನೊಬ್ಬ ಲೆವೆಲ್ 157ಕ್ಕೆ ಹೋದ. ಅಲ್ಲಿ ಆಟವೇ ಸ್ತಬ್ಧವಾಯಿತು. 34 ವರ್ಷ ಹಳೆಯ ಆಟದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ನನಗೆ ಆ ತಬಲಾ ಒಲಿದಿಲ್ಲ, ಉಂಗುರದ ಬೆರಳು ಪ್ರತಿ ಸಲವೂ ತಾಳ ತಪ್ಪುತ್ತದೆ. ಲೆವೆಲ್ 29ನ್ನು ಇನ್ನೂ ಕಣ್ಣಾರೆ ಕಂಡಿಲ್ಲ. ಡಾರ್ಕ್ ಸೋಲ್ಸನ್ನು ಮಾತ್ರ ಮೊದಲಿನಿಂದ, ಯಾರನ್ನೂ ಕರೆಯದೆ ಆಡುತ್ತಿದ್ದೇನೆ; ಅದಕ್ಕೂ ಅದೇ ನೋಟ್‌ಬುಕ್.

ನಿನ್ನೆ ರಾತ್ರಿಯ ಟಿಪ್ಪಣಿ ಟೆಟ್ರಿಸ್‌ನದು: "ಲೆವೆಲ್ 20, 141ನೇ ಸಾಲು. ಕಡ್ಡಿ ಬಂದೀತೆಂದು ಕಾದೆ." ಅದೇ ಪುಟದಲ್ಲಿ ಆ ವಾಕ್ಯ ನಾಲ್ಕನೇ ಸಲ.