ಮನೆಯ ನ್ಯಾಸ್‌ನಲ್ಲಿ ಹಳೆಯ ಡ್ರೈವ್ ತೆಗೆದು ಹೊಸದನ್ನು ಕೂರಿಸುವ ಕ್ರಮ

ತುಮಕೂರಿನಲ್ಲಿ ಮದುವೆಯ ಫೋಟೊ, ವಿಡಿಯೊ ತೆಗೆಯುವ ಸ್ಟುಡಿಯೊದವರು, ಮನೆಯಲ್ಲೇ ಕುಳಿತು ತೆರಿಗೆ ಲೆಕ್ಕ ನೋಡುವವರು, ಮಕ್ಕಳು ಹುಟ್ಟಿದಂದಿನಿಂದ ಇಲ್ಲಿಯವರೆಗಿನ ಚಿತ್ರಗಳನ್ನೆಲ್ಲ ಒಂದೆಡೆ ಇಟ್ಟುಕೊಂಡಿರುವ ಕುಟುಂಬಗಳು, ಹೀಗೆ ಹಲವರ ಮನೆಯಲ್ಲಿ ಇಂದು ರೂಟರ್ ಪಕ್ಕದಲ್ಲೇ ಎರಡು ಅಥವಾ ನಾಲ್ಕು ಹಾರ್ಡ್ ಡ್ರೈವ್ ಹಿಡಿಸುವ ನ್ಯಾಸ್ ಪೆಟ್ಟಿಗೆಯೊಂದು, ಅಂದರೆ ಮನೆಯ ನೆಟ್‌ವರ್ಕ್ ಮೂಲಕ ಎಲ್ಲರೂ ಕಡತ ಇಟ್ಟು ತೆಗೆಯುವ ಸಂಗ್ರಹ ಪೆಟ್ಟಿಗೆ, ಹಗಲು ರಾತ್ರಿ ಚಾಲೂ ಇರುತ್ತದೆ. ನಾಲ್ಕೈದು ವರ್ಷ ಕಳೆಯುವ ಹೊತ್ತಿಗೆ ಅದರ ಡ್ರೈವ್‌ಗಳು ಒಂದೋ ತುಂಬಿಹೋಗುತ್ತವೆ, ಇಲ್ಲವೇ ಕೆಡುವ ಲಕ್ಷಣ ತೋರಿಸುತ್ತವೆ. ಬದಲಿಸುವಾಗ ಕೈಯಿಂದ ಮಾಡುವ ಕೆಲಸ ಹತ್ತು ನಿಮಿಷದ್ದು ಮಾತ್ರ. ದತ್ತಾಂಶ ಕಳೆದುಹೋಗುವುದು ಆ ಹತ್ತು ನಿಮಿಷಕ್ಕೆ ಮೊದಲು ಮಾಡದೆ ಬಿಟ್ಟ ಸಿದ್ಧತೆಯಿಂದ, ಮತ್ತು ಅದರ ನಂತರ ಕಾಯದೆ ಅವಸರಪಟ್ಟಿದ್ದರಿಂದ.

ಮೊದಲಿಗೆ ಪೆಟ್ಟಿಗೆಯ ಒಳಗಿನ ಡ್ರೈವ್‌ಗಳು ಯಾವ ರೀತಿಯಲ್ಲಿ ಜೋಡಣೆಯಾಗಿವೆ ಎಂಬುದನ್ನು ನ್ಯಾಸ್‌ನ ತಂತ್ರಾಂಶದ ಸ್ಟೋರೇಜ್ ಮ್ಯಾನೇಜರ್ ಪುಟದಲ್ಲಿ ನೋಡಿಕೊಳ್ಳಬೇಕು. ಹಲವು ಡ್ರೈವ್‌ಗಳನ್ನು ಒಂದೇ ಸಂಗ್ರಹವಾಗಿ ಜೋಡಿಸುವ ವಿಧಾನಕ್ಕೆ ರೇಡ್ ಎಂದು ಹೆಸರು. ರೇಡ್ 1 ಆಗಿದ್ದರೆ ಎರಡೂ ಡ್ರೈವ್‌ಗಳಲ್ಲಿ ಒಂದೇ ಪ್ರತಿ ಇರುತ್ತದೆ. ರೇಡ್ 5 ಆಗಿದ್ದರೆ ಮೂರು ಅಥವಾ ಹೆಚ್ಚಿನ ಡ್ರೈವ್‌ಗಳಲ್ಲಿ ಒಂದು ಕೆಟ್ಟರೂ ತಡೆದುಕೊಳ್ಳುತ್ತದೆ. ರೇಡ್ 6 ಎರಡು ಕೆಟ್ಟರೂ ತಡೆಯುತ್ತದೆ. ಸಿನಾಲಜಿ ಕಂಪನಿಯ ಪೆಟ್ಟಿಗೆಗಳಲ್ಲಿ ಕಾಣುವ ಎಸ್‌ಎಚ್‌ಆರ್ ಎಂಬುದೂ ಸಾಮಾನ್ಯವಾಗಿ ಒಂದು ಡ್ರೈವ್‌ನ ನಷ್ಟವನ್ನು ತಡೆಯುವ ವ್ಯವಸ್ಥೆಯೇ. ಆದರೆ ರೇಡ್ 0 ಅಥವಾ ಜೆಬಿಒಡಿ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಬೇಕು. ಆ ಜೋಡಣೆಗಳಲ್ಲಿ ಒಂದು ಡ್ರೈವ್ ಹೊರತೆಗೆದ ಕ್ಷಣವೇ ಇಡೀ ಸಂಗ್ರಹ ಹೋಗುತ್ತದೆ. ಎಲ್ಲವನ್ನೂ ಬೇರೆಡೆಗೆ ನಕಲಿಸಿ, ಹೊಸ ಡ್ರೈವ್‌ಗಳಲ್ಲಿ ಹೊಸದಾಗಿ ಕಟ್ಟಿ, ಮತ್ತೆ ತುಂಬಿಸುವುದೊಂದೇ ಅಲ್ಲಿನ ದಾರಿ.

ರೇಡ್ ಇದೆ ಎಂಬ ಧೈರ್ಯದಲ್ಲಿ ಬ್ಯಾಕಪ್ ಇಲ್ಲದೆ ಕೈ ಹಾಕುವವರೇ ಹೆಚ್ಚು. ರೇಡ್ ಕಾಪಾಡುವುದು ಡ್ರೈವ್ ಕೆಟ್ಟಾಗ ಮಾತ್ರ. ತಪ್ಪಾದ ಬಟನ್ ಒತ್ತಿದಾಗ, ಸಿಡಿಲಿಗೆ ಪೆಟ್ಟಿಗೆಯೇ ಸುಟ್ಟಾಗ ಅಥವಾ ಕಡತಗಳನ್ನು ಯಾರೋ ಅಳಿಸಿದಾಗ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಯುಎಸ್‌ಬಿ ಮೂಲಕ ಜೋಡಿಸುವ ಹೊರಗಿನ ಡ್ರೈವ್ ಒಂದಕ್ಕೆ ಪೂರ್ಣ ನಕಲು ಮಾಡಿಕೊಂಡು, ಅದನ್ನು ನ್ಯಾಸ್‌ನಿಂದ ಬಿಚ್ಚಿ, ಬೇರೊಂದು ಲ್ಯಾಪ್‌ಟಾಪಿಗೆ ಹಾಕಿ, ಬೇರೆ ಬೇರೆ ಫೋಲ್ಡರ್‌ಗಳಿಂದ ಕೆಲವು ದೊಡ್ಡ ವಿಡಿಯೊಗಳನ್ನೂ ಹಳೆಯ ಫೋಟೊಗಳನ್ನೂ ತೆರೆದು ನೋಡಬೇಕು. ನ್ಯಾಸ್‌ನ ಬ್ಯಾಕಪ್ ತಂತ್ರಾಂಶ ಕಡತಗಳನ್ನು ತನ್ನದೇ ಮಾದರಿಯಲ್ಲಿ ಕಟ್ಟಿಟ್ಟಿದ್ದರೆ ಅವು ಲ್ಯಾಪ್‌ಟಾಪಿನಲ್ಲಿ ನೇರವಾಗಿ ತೆರೆಯುವುದಿಲ್ಲ. ಆಗ ಅದೇ ತಂತ್ರಾಂಶದಿಂದ ಒಂದೆರಡು ಫೋಲ್ಡರ್‌ಗಳನ್ನಾದರೂ ಬೇರೊಂದು ಜಾಗಕ್ಕೆ ಮರಳಿ ತೆಗೆದು ಪರೀಕ್ಷಿಸಬೇಕು. ಜೊತೆಗೆ ನ್ಯಾಸ್‌ನ ಸೆಟ್ಟಿಂಗ್‌ಗಳ ಪ್ರತಿಯನ್ನೂ, ಯಾವುದಾದರೂ ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಕೀಲಿ ಕಡತವನ್ನೂ ಇಳಿಸಿಕೊಂಡು, ಆ ನ್ಯಾಸ್‌ನಲ್ಲೇ ಇಡದೆ ಬೇರೆಡೆ ಇಡಬೇಕು.

ಅನಂತರ ಇರುವ ಡ್ರೈವ್‌ಗಳ ಆರೋಗ್ಯ ತಪಾಸಣೆ. ಯಾವುದನ್ನು ತೆಗೆಯುತ್ತೇವೋ ಅದಕ್ಕಿಂತ ಒಳಗೆ ಉಳಿಯುವ ಡ್ರೈವ್‌ನ ಸ್ಥಿತಿ ಮುಖ್ಯ, ಏಕೆಂದರೆ ಹೊಸದನ್ನು ತುಂಬಿಸಲು ಉಳಿದದ್ದನ್ನೇ ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ 5, 197 ಮತ್ತು 198ನೇ ಸಾಲುಗಳನ್ನು ನೋಡಬೇಕು. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ (ಡ್ರೈವ್‌ನಲ್ಲಿ ದತ್ತಾಂಶ ಬರೆಯುವ ಪುಟ್ಟ ತುಣುಕುಗಳ) ಲೆಕ್ಕ, 197 ಓದಲು ತೊಡಕಾಗಿ ತೀರ್ಮಾನಕ್ಕೆ ಕಾಯುತ್ತಿರುವವು, 198 ಓದಲಾಗದೆ ಹೋದವು. ಈ ಮೂರರ ಮೂಲ ಮೌಲ್ಯವೂ ಸೊನ್ನೆಯಾಗಿರುವುದು ಒಳ್ಳೆಯದು; ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡ್ರೈವ್ ನಂಬಿಕೆಗೆ ಯೋಗ್ಯವಲ್ಲ. 199ನೇ ಸಾಲು ಮಾತ್ರ ಏರಿದ್ದರೆ ದೋಷ ಬಹುತೇಕ ಕೇಬಲ್ ಅಥವಾ ಸಂಪರ್ಕದ್ದೇ ಹೊರತು ಡ್ರೈವ್‌ನದ್ದಲ್ಲ, ಅದಕ್ಕಾಗಿ ಹೊಸ ಡ್ರೈವ್ ಕೊಳ್ಳುವ ಅಗತ್ಯವಿಲ್ಲ. ಉಳಿಯುವ ಡ್ರೈವ್‌ಗೆ ಸ್ಮಾರ್ಟ್‌ನ ದೀರ್ಘ ಪರೀಕ್ಷೆಯನ್ನೂ, ಇಡೀ ಸಂಗ್ರಹವನ್ನು ಓದಿ ತಪ್ಪು ಹುಡುಕಿ ತಿದ್ದುವ ಡೇಟಾ ಸ್ಕ್ರಬ್ಬಿಂಗ್ ಅನ್ನೂ ಬದಲಾವಣೆಗೆ ಕೆಲವು ದಿನ ಮುಂಚೆಯೇ ನಡೆಸಿದರೆ, ಎಂದೂ ತೆರೆಯದ ಕಡತದ ಅಡಿಯಲ್ಲಿ ಅಡಗಿದ್ದ ದೋಷವೂ ಇನ್ನೂ ಎರಡು ಪ್ರತಿಗಳಿರುವಾಗಲೇ ಬಯಲಾಗಿ ಸರಿಯಾಗುತ್ತದೆ.

ಕೊಳ್ಳುವ ವಿಷಯಕ್ಕೆ ಬಂದರೆ, ತುಮಕೂರಿನ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವುದು ಹೆಚ್ಚಾಗಿ ಸಾಮಾನ್ಯ ಕಂಪ್ಯೂಟರ್ ಡ್ರೈವ್‌ಗಳು ಅಥವಾ ಸಿಸಿಟಿವಿಗೆ ಹಾಕುವ ಡ್ರೈವ್‌ಗಳು. ನ್ಯಾಸ್‌ಗೆಂದೇ ಮಾಡಿದ ಡ್ರೈವ್ ಬೇಕಾದರೆ ಹೇಳಿ ತರಿಸಬೇಕು ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು, ಮತ್ತು ಆ ಶ್ರಮ ಪಡುವುದೇ ಸರಿ. ಓದಲಾಗದ ಸೆಕ್ಟರ್ ಎದುರಾದಾಗ ಸಾಮಾನ್ಯ ಡ್ರೈವ್ ಬಹಳ ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರುತ್ತದೆ. ಉತ್ತರ ಬಾರದೆ ರೇಡ್ ಅದನ್ನು ಸತ್ತ ಡ್ರೈವ್ ಎಂದು ಹೊರಗೆ ಹಾಕಬಹುದು. ನ್ಯಾಸ್ ಡ್ರೈವ್ ಸುಮಾರು 7 ಸೆಕೆಂಡಿನಲ್ಲಿ ಪ್ರಯತ್ನ ಬಿಟ್ಟು ದೋಷವನ್ನು ವರದಿ ಮಾಡುತ್ತದೆ, ರೇಡ್ ಬೇರೆ ಪ್ರತಿಯಿಂದ ಅದನ್ನು ಸರಿಪಡಿಸಿಕೊಳ್ಳುತ್ತದೆ. ಇನ್ನೊಂದು, ಡ್ರೈವ್ ಸಿಎಂಆರ್ ಮಾದರಿಯದ್ದೇ (ದತ್ತಾಂಶದ ಪಟ್ಟಿಗಳು ಒಂದರ ಮೇಲೊಂದು ಬೀಳದ ಮಾದರಿ) ಎಂದು ತಯಾರಕರ ಜಾಲತಾಣದಲ್ಲಿ ಮಾದರಿ ಸಂಖ್ಯೆ ಹಾಕಿ ಖಚಿತಪಡಿಸಿಕೊಳ್ಳಬೇಕು. ಎಸ್‌ಎಂಆರ್ ಡ್ರೈವ್‌ಗಳಲ್ಲಿ ದತ್ತಾಂಶದ ಪಟ್ಟಿಗಳು ಹೆಂಚಿನ ಮಾಡಿನಂತೆ ಒಂದರ ಅಂಚಿನ ಮೇಲೊಂದು ಬಿದ್ದಿರುವುದರಿಂದ ಸತತವಾಗಿ ಬರೆಯುವ ಕೆಲಸದಲ್ಲಿ ವೇಗ ವಿಪರೀತ ಕುಸಿಯುತ್ತದೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಡ್ರೈವ್‌ಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬೆಳಕಿಗೆ ಬಂದ ಮೇಲೆಯೇ ಸಿಎಂಆರ್ ಡ್ರೈವ್‌ಗಳಿಗೆ ರೆಡ್ ಪ್ಲಸ್ ಎಂಬ ಬೇರೆ ಹೆಸರು ಬಂದದ್ದು. ಹೊಸ ಡ್ರೈವ್‌ನ ಸಾಮರ್ಥ್ಯ ಹಳೆಯದಕ್ಕೆ ಸಮ ಅಥವಾ ಹೆಚ್ಚಿರಬೇಕು. ಸ್ವಲ್ಪ ಕಡಿಮೆಯಾದರೂ ನ್ಯಾಸ್ ಒಪ್ಪುವುದಿಲ್ಲ. ಬಿಲ್ ಪಡೆದು, ಸೀರಿಯಲ್ ನಂಬರಿನಿಂದ ವಾರಂಟಿ ನೋಡಿ, ಸಾಧ್ಯವಿದ್ದರೆ ಕಂಪ್ಯೂಟರಿಗೆ ಹಾಕಿ ದೀರ್ಘ ಪರೀಕ್ಷೆ ಮುಗಿಸಿಯೇ ನ್ಯಾಸ್ ಬಳಿಗೆ ತರಬೇಕು.

ದಿನ ಗೊತ್ತುಮಾಡುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. 4 ಟಿಬಿ ಡ್ರೈವ್ ಒಂದನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ತುಂಬಿಸಲು ಏಳೂವರೆ ಗಂಟೆ ಬೇಕು, 8 ಟಿಬಿಗೆ ಹದಿನೈದು ಗಂಟೆ. ಡ್ರೈವ್‌ನ ಒಳ ಸುತ್ತುಗಳಲ್ಲಿ ವೇಗ ಇಳಿಯುವುದರಿಂದಲೂ, ಆ ಹೊತ್ತಿನಲ್ಲಿ ಮನೆಯವರು ನ್ಯಾಸ್ ಬಳಸಿದರೂ ಇದು ಇನ್ನಷ್ಟು ಲಂಬಿಸುತ್ತದೆ. ರೇಡ್ 1 ಅಥವಾ ರೇಡ್ 5ರಲ್ಲಿ ಅಷ್ಟೂ ಹೊತ್ತು ನಿಮ್ಮ ಕಡತಗಳಿಗೆ ರಕ್ಷಣೆಯ ಎರಡನೇ ಪದರ ಇರುವುದಿಲ್ಲ. ಆದ್ದರಿಂದ ಬೆಸ್ಕಾಂ ಪ್ರಕಟಣೆಯನ್ನು, ಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ದ ಸುದ್ದಿಯನ್ನು ನೋಡಿ, ನಿಮ್ಮ ಬಡಾವಣೆಯ ಫೀಡರ್‌ನಲ್ಲಿ ನಿರ್ವಹಣೆ ಕೆಲಸವಿಲ್ಲದ ದಿನವನ್ನು ಆರಿಸಿಕೊಳ್ಳಬೇಕು. ಸ್ಟುಡಿಯೊದವರಿಗೆ ಆಷಾಢ ಹೇಳಿ ಮಾಡಿಸಿದ ಕಾಲ: ಮದುವೆಗಳಿಲ್ಲ, ಹೊಸ ಕಡತಗಳು ಬಂದು ಬೀಳುವುದಿಲ್ಲ, ಕೋಣೆಯೂ ತಂಪಾಗಿರುತ್ತದೆ. ಚೈತ್ರ, ವೈಶಾಖದಲ್ಲಿ ಬಿಸಿಲು, ಸಂಜೆಯ ಗುಡುಗು ಮಳೆ, ಮದುವೆ ಕೆಲಸ ಮೂರೂ ಒಟ್ಟಿಗೆ ಬರುತ್ತವೆ. ಡ್ರೈವ್ ಕೆಟ್ಟೇಹೋದರೆ ಕಾಯುವಂತಿಲ್ಲ, ಆದರೆ ಜಾಗ ಸಾಲದೆಂದು ಬದಲಿಸುವವರು ಆ ತಿಂಗಳುಗಳನ್ನು ದಾಟಿಸುವುದೇ ಮೇಲು.

ಮನೆಯಲ್ಲಿ ಇನ್‌ವರ್ಟರ್ ಇದೆ, ಯುಪಿಎಸ್ ಏಕೆ ಎಂದು ಕೇಳುವವರಿದ್ದಾರೆ. ಇನ್‌ವರ್ಟರ್ ಸಾಮಾನ್ಯ ಮೋಡ್‌ನಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ನ್ಯಾಸ್ ಆರಿ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದರೂ ಬ್ಯಾಟರಿ ಮುಗಿಯುತ್ತಿದೆ ಎಂದು ನ್ಯಾಸ್‌ಗೆ ತಿಳಿಸುವ ದಾರಿ ಅದಕ್ಕಿಲ್ಲ. ಯುಎಸ್‌ಬಿ ತಂತಿಯಿಂದ ನ್ಯಾಸ್‌ಗೆ ಜೋಡಿಸಬಹುದಾದ ಸಣ್ಣ ಯುಪಿಎಸ್ ಒಂದನ್ನು ಇನ್‌ವರ್ಟರ್ ಮತ್ತು ನ್ಯಾಸ್ ನಡುವೆ ಇಟ್ಟರೆ, ಚಾರ್ಜ್ ತಗ್ಗಿದಾಗ ನ್ಯಾಸ್ ತಾನಾಗಿಯೇ ಕಡತಗಳನ್ನು ಮುಚ್ಚಿ ನಿಲ್ಲುತ್ತದೆ. ಕೆಲವು ಯುಪಿಎಸ್‌ಗಳು ಚೌಕ ಅಲೆಯ ಇನ್‌ವರ್ಟರ್ ಜೊತೆ ಹೊಂದುವುದಿಲ್ಲವಾದ್ದರಿಂದ ಮೊದಲೇ ಮೇನ್ ಸ್ವಿಚ್ ಆರಿಸಿ ನೋಡಿಕೊಳ್ಳಬೇಕು. ಅರ್ಧಕ್ಕೆ ನಿಂತ ರೀಬಿಲ್ಡ್, ಅಂದರೆ ಹೊಸ ಡ್ರೈವ್ ತುಂಬಿಸುವ ಕೆಲಸ, ಹೆಚ್ಚಿನ ಪೆಟ್ಟಿಗೆಗಳಲ್ಲಿ ಮತ್ತೆ ಮುಂದುವರಿಯುತ್ತದೆ ಅಥವಾ ಮೊದಲಿನಿಂದ ಶುರುವಾಗುತ್ತದೆ, ಆದರೆ ಒಂದು ಡ್ರೈವ್ ಕಡಿಮೆ ಇರುವ ರೇಡ್ 5ರಲ್ಲಿ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ವ್ಯವಸ್ಥೆಯೇ ಹಾಳಾಗುವ ಸಾಧ್ಯತೆ ಇದೆ.

ಬದಲಿಸುವ ದಿನ ಆಗುವ ದೊಡ್ಡ ಅನಾಹುತವೆಂದರೆ ತಪ್ಪು ಡ್ರೈವ್ ಎಳೆಯುವುದು. ತೆರೆಯ ಮೇಲಿನ ‘ಡ್ರೈವ್ 2’ ಎಡದಿಂದ ಎರಡನೆಯದೇ, ಮೇಲಿನಿಂದ ಎರಡನೆಯದೇ ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ನಂಬಬೇಕಾದದ್ದು ಸೀರಿಯಲ್ ನಂಬರನ್ನು. ತಂತ್ರಾಂಶದಲ್ಲಿ ಕೆಟ್ಟ ಡ್ರೈವ್‌ನ ಸೀರಿಯಲ್ ನಂಬರ್ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ. ನ್ಯಾಸ್ ಅನ್ನು ಕ್ರಮವಾಗಿ ಆರಿಸಿ, ಟ್ರೇಯನ್ನು ಹೊರಗೆಳೆದು, ಡ್ರೈವ್‌ನ ಬಿಳಿ ಚೀಟಿಯ ಮೇಲೆ ಬಾರ್‌ಕೋಡ್ ಕೆಳಗಿರುವ ಅಕ್ಷರಗಳೊಂದಿಗೆ ಅದನ್ನು ಒಂದೊಂದಾಗಿ ಹೋಲಿಸಿ; ಸೊನ್ನೆ ಮತ್ತು ಓ ಅಕ್ಷರ, 8 ಮತ್ತು ಬಿ ಅಕ್ಷರ ಸಣ್ಣ ಅಚ್ಚಿನಲ್ಲಿ ಒಂದೇ ರೀತಿ ಕಾಣುವುದರಿಂದ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡುವುದು ಒಳ್ಳೆಯದು. ಕೊನೆಯ ನಾಲ್ಕು ಅಂಕಿಗಳನ್ನು ಕಾಗದದ ಟೇಪಿನ ಮೇಲೆ ಬರೆದು ಆಯಾ ಟ್ರೇಯ ಮುಂಭಾಗಕ್ಕೆ ಅಂಟಿಸಿಟ್ಟರೆ ಮುಂದೆಂದೂ ಈ ಗೊಂದಲವಿರದು. ತಯಾರಕರು ಹಾಟ್ ಸ್ವಾಪ್ ಸೌಲಭ್ಯ ಕೊಟ್ಟಿರುವ ಪೆಟ್ಟಿಗೆಗಳಲ್ಲಿ ಚಾಲೂ ಇರುವಾಗಲೂ ಬದಲಿಸಬಹುದು. ಆಗ ಮೊದಲು ತಂತ್ರಾಂಶದಲ್ಲಿ ಆ ಡ್ರೈವ್ ಅನ್ನು ನಿಷ್ಕ್ರಿಯಗೊಳಿಸಿ, ಅರ್ಧ ಅಂಗುಲ ಎಳೆದು, ತಿರುಗುತ್ತಿರುವ ತಟ್ಟೆಗಳು ನಿಲ್ಲುವವರೆಗೆ ಕಾದು ಪೂರ್ತಿ ತೆಗೆಯಬೇಕು.

ಟ್ರೇ ಹೊರಗಿರುವಾಗಲೇ ಗೂಡಿನಲ್ಲೂ ಫ್ಯಾನಿನ ಜಾಲರಿಯಲ್ಲೂ ಕೂತ ಕೆಂಧೂಳನ್ನು ಒಣ ಬ್ರಷ್‌ನಿಂದ ತೆಗೆದುಬಿಡಿ. ಹೊಸ ಡ್ರೈವ್ ಮುಟ್ಟುವ ಮೊದಲು ಕಬ್ಬಿಣದ ಕಿಟಕಿ ಸರಳನ್ನೋ ಬೀರುವಿನ ಬಣ್ಣವಿಲ್ಲದ ಭಾಗವನ್ನೋ ಮುಟ್ಟಿ, ಹಸಿರು ಬೋರ್ಡಿನ ಭಾಗಕ್ಕೆ ಬೆರಳು ತಾಗಿಸದೆ ಅಂಚುಗಳಲ್ಲಿ ಹಿಡಿಯಿರಿ. ಟ್ರೇಗೆ ಕೂರಿಸಿ, ಕ್ಲಿಕ್ ಎನ್ನುವವರೆಗೆ ನೇರವಾಗಿ ತಳ್ಳಿ, ನ್ಯಾಸ್ ಚಾಲೂ ಮಾಡಿ.

ಈಗ ಪೆಟ್ಟಿಗೆ ಬೀಪ್ ಎಂದು ಕೂಗಬಹುದು. ಒಂದು ಡ್ರೈವ್ ಕಡಿಮೆಯಾಗಿದೆ ಎಂದು ತಿಳಿಸುವ ಆ ಶಬ್ದಕ್ಕೆ ಗಾಬರಿಯಾಗದೆ ತಂತ್ರಾಂಶದಲ್ಲೇ ಅದನ್ನು ನಿಲ್ಲಿಸಬಹುದು. ಸ್ಟೋರೇಜ್ ಮ್ಯಾನೇಜರ್‌ನಲ್ಲಿ ಹಳೆಯ ಪೂಲ್ (ಡ್ರೈವ್‌ಗಳು ಸೇರಿ ಆದ ಸಂಗ್ರಹ) ‘ಡಿಗ್ರೇಡೆಡ್’, ಅಂದರೆ ರಕ್ಷಣೆ ಕುಂದಿದೆ, ಎಂದು ಕಾಣುತ್ತದೆ. ಅಲ್ಲಿ ಆರಿಸಬೇಕಾದದ್ದು ರಿಪೇರಿ ಅಥವಾ ರೀಬಿಲ್ಡ್ ಮಾತ್ರ. ಹೊಸ ಪೂಲ್ ಮಾಡಿ, ಹೊಸ ವಾಲ್ಯೂಮ್ ಮಾಡಿ, ಇನಿಶಿಯಲೈಸ್ ಮಾಡಿ ಎಂಬ ಆಯ್ಕೆಗಳು ಪಕ್ಕದಲ್ಲೇ ಇರುತ್ತವೆ, ಅವುಗಳನ್ನು ಮುಟ್ಟಬಾರದು. ಆರಿಸಿದ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬಂದಾಗ, ಅದು ಹೊಸ ಡ್ರೈವ್‌ನದ್ದೇ ಸೀರಿಯಲ್ ನಂಬರ್ ಎಂದು ಮತ್ತೊಮ್ಮೆ ನೋಡಿಯೇ ಮುಂದುವರಿಯಬೇಕು.

ರೀಬಿಲ್ಡ್ ನಡೆಯುವಾಗ ದೊಡ್ಡ ಕಡತಗಳ ನಕಲು, ತಂತ್ರಾಂಶದ ಅಪ್‌ಡೇಟ್, ರೀಸ್ಟಾರ್ಟ್ ಯಾವುದೂ ಬೇಡ. ತಾಪಮಾನದ ಮೇಲೆ ಕಣ್ಣಿಡಿ. 45 ಡಿಗ್ರಿ ದಾಟುತ್ತಿದ್ದರೆ ಮೇಜಿನ ಫ್ಯಾನ್ ಒಂದನ್ನು ಪೆಟ್ಟಿಗೆಯತ್ತ ತಿರುಗಿಸಿಟ್ಟರೆ ಸಾಕು. ನಾಲ್ಕು 4 ಟಿಬಿ ಡ್ರೈವ್‌ಗಳ ರೇಡ್ 5ರಲ್ಲಿ ಒಂದನ್ನು ಕಟ್ಟಲು ಉಳಿದ ಮೂರರಿಂದ ಒಟ್ಟು 12 ಟಿಬಿ ಓದಬೇಕಾಗುತ್ತದೆ. ಅನೇಕ ಡ್ರೈವ್‌ಗಳ ವಿವರಪಟ್ಟಿಯಲ್ಲಿ ತಯಾರಕರು ಹೇಳುವ ಓದುದೋಷದ ಮಿತಿ 10ರ 14ನೇ ಘಾತದಷ್ಟು ಬಿಟ್‌ಗಳಿಗೆ ಒಂದು, ಅಂದರೆ ಸುಮಾರು 12.5 ಟಿಬಿಗೆ ಒಂದು. ವಾಸ್ತವದಲ್ಲಿ ಡ್ರೈವ್‌ಗಳು ಅದಕ್ಕಿಂತ ಬಹಳ ಚೆನ್ನಾಗಿಯೇ ನಡೆದುಕೊಳ್ಳುತ್ತವೆ, ಆದರೂ ಮುಂಚಿತ ಸ್ಕ್ರಬ್ಬಿಂಗ್ ಮತ್ತು ಬ್ಯಾಕಪ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಈ ಲೆಕ್ಕವೇ ಕಾರಣ.

ಸಾಮರ್ಥ್ಯ ಹೆಚ್ಚಿಸಲು ಎಲ್ಲವನ್ನೂ ಬದಲಿಸುವವರು ಒಂದು ಮುಗಿದು ‘ಹೆಲ್ದಿ’ ಎಂದು ಬಂದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಮೊದಲ ಡ್ರೈವ್ ಮುಗಿದರೂ ಜಾಗ ಹೆಚ್ಚಾಗಲಿಲ್ಲವೆಂದು ಚಿಂತಿಸಬೇಕಿಲ್ಲ: ರೇಡ್ 5ರಲ್ಲಿ ಕೊನೆಯ ಡ್ರೈವ್ ಬದಲಾದ ಮೇಲೆ, ಎಸ್‌ಎಚ್‌ಆರ್‌ನಲ್ಲಿ ಕನಿಷ್ಠ ಎರಡು ದೊಡ್ಡ ಡ್ರೈವ್‌ಗಳು ಸೇರಿದ ಮೇಲೆ ಹೊಸ ಜಾಗ ಸಿಗುತ್ತದೆ. 4 ಟಿಬಿ ಡ್ರೈವ್ 3.6 ಎಂದು ತೋರಿಸುವುದು ಎಣಿಕೆಯ ಕ್ರಮದ ವ್ಯತ್ಯಾಸವಷ್ಟೇ. ಪೆಟ್ಟಿಗೆಯಲ್ಲಿ ಒಂದು ಗೂಡು ಖಾಲಿ ಇದ್ದರೆ ಇದಕ್ಕಿಂತ ಸುರಕ್ಷಿತ ದಾರಿಯೇ ಇದೆ. ಹೊಸ ಡ್ರೈವ್ ಅನ್ನು ಅಲ್ಲಿ ಹಾಕಿ, ಹಳೆಯದು ಒಳಗಿರುವಾಗಲೇ ‘ರಿಪ್ಲೇಸ್’ ಆಯ್ಕೆಯಿಂದ ನೇರ ನಕಲು ಮಾಡಿಸಬಹುದು. ಸಿನಾಲಜಿಯ ಡಿಎಸ್‌ಎಂ 7 ತಂತ್ರಾಂಶದಲ್ಲೂ, ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಬಳಸುವ ಟ್ರೂನ್ಯಾಸ್ ತಂತ್ರಾಂಶದಲ್ಲೂ ಈ ಸೌಲಭ್ಯವಿದ್ದು, ಇದರಲ್ಲಿ ರಕ್ಷಣೆ ಒಂದು ಕ್ಷಣವೂ ತಪ್ಪುವುದಿಲ್ಲ.

ಒಂದು ಡ್ರೈವ್ ಆಗಲೇ ಸತ್ತು, ಉಳಿದದ್ದೂ ದೋಷ ತೋರಿಸುತ್ತಿದ್ದರೆ ಈ ಕ್ರಮವನ್ನೆಲ್ಲ ಬದಿಗಿಡಬೇಕು. ರೀಬಿಲ್ಡ್ ಶುರು ಮಾಡಿದರೆ ನರಳುತ್ತಿರುವ ಡ್ರೈವ್‌ನ ಖಾಲಿ ಜಾಗವನ್ನೂ ಬಿಡದೆ ಓದಿಸಿದಂತಾಗುತ್ತದೆ. ಅದರ ಬದಲು ಬಹಳ ಬೇಕಾದ ಫೋಲ್ಡರ್‌ಗಳನ್ನು ಮೊದಲು, ಉಳಿದವನ್ನು ಆಮೇಲೆ ಹೊರಗಿನ ಡ್ರೈವ್‌ಗೆ ನಕಲಿಸಿ. ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರೆ ಅದನ್ನೂ ಮಾಡದೆ ಕರೆಂಟ್ ತೆಗೆದು, ದತ್ತಾಂಶ ಮರಳಿ ಪಡೆಯುವ ನುರಿತವರ ಬಳಿ ಒಯ್ಯಬೇಕು.

ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಸ್ಕ್ರಬ್ಬಿಂಗ್ ನಡೆಸಿ, ಬ್ಯಾಕಪ್ ಎಂದಿನಂತೆ ಓಡುತ್ತಿದೆಯೇ ನೋಡಿ, ತೆಗೆದ ಡ್ರೈವ್‌ಗೆ ದಿನಾಂಕ ಮತ್ತು ಗೂಡಿನ ಸಂಖ್ಯೆ ಬರೆದು ಒಂದೆರಡು ತಿಂಗಳು ಬೀರುವಿನಲ್ಲಿಡಿ. ಚೆನ್ನಾಗಿರುವಾಗಲೇ ತೆಗೆದ ರೇಡ್ 1ರ ಡ್ರೈವ್‌ನಲ್ಲಿ ಆ ದಿನದವರೆಗಿನ ಪೂರ್ಣ ಪ್ರತಿ ಇರುತ್ತದೆ. ವಾರಂಟಿಗೆ ಕಳುಹಿಸಿದ ಡ್ರೈವ್‌ಗೆ ಬದಲಿಯಾಗಿ ಬೇರೆ ಡ್ರೈವ್ ಬರುತ್ತದೆಯೇ ಹೊರತು ಸಾಮಾನ್ಯವಾಗಿ ಅದೇ ಮರಳಿ ಬರುವುದಿಲ್ಲ, ಹಾಗಾಗಿ ಓಡುವ ಸ್ಥಿತಿಯಲ್ಲಿದ್ದರೆ ಪೂರ್ತಿ ಅಳಿಸಿಯೇ ಕೊಡಿ. ಗುಜರಿಗೆ ಹಾಕುವ ಯೋಚನೆ ಇದ್ದರೂ ಅಷ್ಟೇ: ಆಧಾರ್ ಪ್ರತಿ, ಬ್ಯಾಂಕ್ ಪತ್ರಗಳು ಇದ್ದ ಡ್ರೈವ್ ಅನ್ನು ಒಮ್ಮೆ ಸೊನ್ನೆಗಳಿಂದ ತುಂಬಿಸಿ, ಅದು ಸಾಧ್ಯವಾಗದಿದ್ದರೆ ತಟ್ಟೆಗಳ ಮೂಲಕ ಡ್ರಿಲ್ ಹೊಡೆಸಿ, ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.