ಚಿರೆಕಲ್ಲಿನಲ್ಲಿ, ಗಜನಿಯಲ್ಲಿ ಅರ್ಥ್ ರಾಡ್ ಇಳಿಸುವುದು: ನನ್ನ ಅನುಭವ

ಕುಮಟಾ, ಅಂಕೋಲಾ ಕಡೆ ಒಂದೇ ಊರಲ್ಲಿ ಎರಡು ಬಗೆಯ ನೆಲ ಸಿಗುತ್ತದೆ. ಮೇಲೆ ಗುಡ್ಡದಲ್ಲಿ ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ; ಕೆಳಗೆ ಹೊಳೆಯಂಚಿಗೆ ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆ, ಅದೇ ಗಜನಿ. ಮನೆಯಲ್ಲಿ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು ಅರ್ಥ್ ರಾಡ್; ಅದರ ರೋಧ (ಓಮ್) ಕಡಿಮೆಯಾದಷ್ಟೂ ಒಳ್ಳೆಯದು. ಗಜನಿಯಲ್ಲಿ ಮೂರು ಮೀಟರ್ ರಾಡ್ ಇಳಿಸಿದರೆ ಒಂದೆರಡು ಓಮ್‌ಗೆ ಬಂದುಬಿಡುತ್ತದೆ. ಅದೇ ರಾಡ್ ಒಣ ಚಿರೆಕಲ್ಲಿನಲ್ಲಿ ನೂರು ಓಮ್ ದಾಟುವುದುಂಟು. ಅದಕ್ಕೇ ಸರ್ವಿಸ್ ಕನೆಕ್ಷನ್ನಿಗೆ ಅರ್ಥ್ ಮಾಡುವಾಗ ಮೊದಲು ಅಂಗಳದ ಮಣ್ಣು ನೋಡುತ್ತೇನೆ, ಆಮೇಲೆ ಮೀಟರ್ ಬೋರ್ಡ್.

ಚಿರೆಕಲ್ಲಿಗೆ ರಾಡನ್ನು ಸುತ್ತಿಗೆಯಲ್ಲಿ ಬಡಿದು ಇಳಿಸಬಾರದು. ಎರಡು ಮೂರು ಅಡಿ ಹೋಗುವಷ್ಟರಲ್ಲಿ ತಲೆ ಚಪ್ಪಟೆಯಾಗುತ್ತದೆ. ಹಟ ಹಿಡಿದು ಬಡಿದರೆ ತಾಮ್ರದ ಲೇಪ ಸುಲಿದು ಒಳಗಿನ ಕಬ್ಬಿಣ ಹೊರಬೀಳುತ್ತದೆ, ಸುತ್ತ ಗಾಳಿಯ ಸಂದು ಉಳಿಯುತ್ತದೆ. ನಾಲ್ಕಿಂಚು ಅಗಲ, ಹತ್ತಡಿ ಆಳಕ್ಕೆ ಬೋರ್ ಮಾಡಿ, 17 ಎಂಎಂ ರಾಡನ್ನು ನಡುವೆ ನಿಲ್ಲಿಸಿ, ನೀರು ಹೀರಿ ಉಬ್ಬುವ ಬೆಂಟೊನೈಟ್ ಜೇಡಿಯ ಪುಡಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸುರಿಯುತ್ತೇನೆ. ಆ ಗುಂಡಿಗೆ ಹಿಡಿಯುವುದು ಸುಮಾರು 24 ಲೀಟರ್. 25 ಕೆಜಿಯ ಒಂದು ಚೀಲ ಸಾಕು. ಮೇಲಿನ ಒಂದೂವರೆ ಅಡಿಗೆ ಮಾತ್ರ ತೋಟದ ಮಣ್ಣು. ಬೆಂಟೊನೈಟ್ ಒಣಗಿದರೆ ಬಿರಿದು ರಾಡಿನಿಂದ ದೂರ ಸರಿಯುತ್ತದೆ. ಆದ್ದರಿಂದ ಬಚ್ಚಲ ನೀರು ಹೋಗುವ ಬಾಳೆಬುಡದ ಹತ್ತಿರ, ಅಡಿಪಾಯದಿಂದ ಒಂದೂವರೆ ಮೀಟರ್ ಆಚೆ ಜಾಗ ಆರಿಸುತ್ತೇನೆ. ಒಂದು ರಾಡ್ ಸಾಲದಿದ್ದರೆ ಎರಡನೆಯದನ್ನು ಆರು ಮೀಟರ್ ದೂರ ಹಾಕಬೇಕು. ಪಕ್ಕಪಕ್ಕ ಹುಗಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಂಡು ಲಾಭ ಕಡಿಮೆ.

ಕರಾವಳಿಯಲ್ಲಿ ಗುಂಡಿಗೆ ಉಪ್ಪು, ಇದ್ದಿಲು ತುಂಬುವುದನ್ನು ನಾನು ಒಪ್ಪುವುದಿಲ್ಲ. ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಹೋಗುವ ಮುನ್ನ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪನ್ನು ತಿನ್ನುತ್ತದೆ. ಗಜನಿಯಂಚಿನಲ್ಲಂತೂ ಮಣ್ಣಲ್ಲೇ ಉಪ್ಪಿದೆ.

ಕೆಲಸ ಕೆಡುವುದು ಹೆಚ್ಚಾಗಿ ಜೋಡಣೆಯಲ್ಲಿ. ತಾಮ್ರದ ರಾಡಿಗೆ ಜಿಐ ಕ್ಲಾಂಪ್ ಹಾಕಿದರೆ ಉಪ್ಪುಗಾಳಿಯ ತೇವಕ್ಕೆ ಕ್ಲಾಂಪೇ ಮೊದಲು ತುಕ್ಕು ಹಿಡಿದು ಪುಡಿಯಾಗುತ್ತದೆ. ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ. ಬೋಲ್ಟ್ ತಿರುಗಿಸಿದರೆ ಕೆಂಪು ಹುಡಿ ಉದುರುತ್ತದೆ. ಹಾಗಾಗಿ ನಾನು ಹಾಕುವುದು ತಾಮ್ರ, ತವರ ಬೆರೆತ ಗನ್‌ಮೆಟಲ್ ಕ್ಲಾಂಪ್, ವೈರಿನ ತುದಿಗೆ ತವರ ಲೇಪದ ಲಗ್, 16 ಚದರ ಎಂಎಂ ಹಸಿರು ತಾಮ್ರದ ವೈರ್, ಮೇಲೆ ಪೆಟ್ರೋಲಿಯಂ ಜೆಲ್ಲಿ. ಜೋಡಣೆಯನ್ನು ಮಣ್ಣಲ್ಲಿ ಹೂಳದೆ ಮುಚ್ಚಳ ತೆಗೆದರೆ ಕಾಣುವಂತೆ ಇಡುತ್ತೇನೆ.

ಅಳತೆ ಮೇ ತಿಂಗಳಲ್ಲಿ, ಮೃಗಶಿರ ಮಳೆ ಹಿಡಿಯುವ ಮೊದಲು. ಜುಲೈನಲ್ಲಿ ಯಾವ ರಾಡೂ ಚೆನ್ನಾಗಿಯೇ ತೋರಿಸುತ್ತದೆ. ಮೇನ್ ಆಫ್ ಮಾಡಿ, ರಾಡಿನಿಂದ ವೈರ್ ಬಿಚ್ಚಿ, ರಾಡಿನ ಓಮ್ ಅಳೆಯುವ ಅರ್ಥ್ ಟೆಸ್ಟರಿನ ಕರೆಂಟ್ ಸ್ಪೈಕನ್ನು 30 ಮೀಟರ್, ವೋಲ್ಟೇಜ್ ಸ್ಪೈಕನ್ನು 18.5 ಮೀಟರ್ ದೂರ ನೆಡಬೇಕು. ಚಿರೆಕಲ್ಲಾದರೆ ಸ್ಪೈಕಿನ ಬುಡಕ್ಕೆ ಒಂದು ಚೊಂಬು ನೀರು. ನಡುವಿನ ಸ್ಪೈಕನ್ನು ಮೂರು ಮೀಟರ್ ಹಿಂದೆ ಮುಂದೆ ಸರಿಸಿದಾಗಲೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬಂದರೆ ಮಾತ್ರ ಅದನ್ನು ನಂಬುತ್ತೇನೆ.

ಇಷ್ಟೆಲ್ಲ ಮಾಡಿ 30 ಓಮ್ ಬಂತು ಎನ್ನಿ. ಗೀಸರಿನ ಮೈಗೆ ಫೇಸ್ ತಾಗಿದರೆ ರಾಡಿನಲ್ಲಿ ಹರಿಯುವುದು 230 ಭಾಗಿಸು 30, ಎಂಟು ಆಂಪಿಯರ್ ಕೂಡ ಇಲ್ಲ. 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೇ ಇಲ್ಲ, ಗೀಸರಿನ ಮೈಯಲ್ಲಿ ವೋಲ್ಟೇಜ್ ನಿಂತೇ ಇರುತ್ತದೆ. ಹಾಗಾಗಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಅಷ್ಟು ಕರೆಂಟ್ ಸೋರಿದರೂ ಸಪ್ಲೈ ಕಡಿಯುವ ಸ್ವಿಚ್, ಇಲ್ಲದ ಮನೆಗೆ ಅರ್ಥ್ ಮುಗಿಯಿತೆಂದು ನಾನು ಹೇಳುವುದಿಲ್ಲ. ಅದಿದ್ದರೆ ನೂರು ಓಮ್ ರಾಡೂ ಜೀವ ಉಳಿಸುತ್ತದೆ: 30 ಮಿಲಿಆಂಪಿಯರಿಗೆ ಗೀಸರಿನ ಮೈಯಲ್ಲಿ ನಿಲ್ಲುವುದು ಬರೀ ಮೂರು ವೋಲ್ಟ್.

ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲನ್ನು (ಕರೆಂಟ್ ಕಂಬಕ್ಕೆ ಮರಳುವ ವೈರನ್ನು) ಅರ್ಥಿಗೆ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ. ಮಳೆಗಾಲದಲ್ಲಿ ತೆಂಗಿನ ಹೆಡೆ ಬಿದ್ದು ಕಂಬದ ನ್ಯೂಟ್ರಲ್ ತುಂಡಾದರೆ ಮನೆಯ ಕರೆಂಟೆಲ್ಲ ನಿಮ್ಮ ರಾಡಿಗೆ ತಿರುಗಿ, ಫ್ರಿಜ್, ಪಂಪುಗಳ ಮೈಯೆಲ್ಲ ಶಾಕ್ ಹೊಡೆಯುತ್ತದೆ.

ಟೆಸ್ಟ್ ಬಟನ್ ಒತ್ತಿದಾಗ ಆರ್‌ಸಿಸಿಬಿ ಬಿದ್ದರೆ ಅದರ ಒಳಗಿನ ಯಂತ್ರ ಸರಿ ಇದೆ ಎಂದಷ್ಟೇ ಅರ್ಥ. ರಾಡಿನ ವೈರ್ ತುಂಡಾಗಿದ್ದರೂ ಅದು ಬೀಳುತ್ತದೆ. ಅದಕ್ಕೇ ಪ್ರತಿ ವರ್ಷ ಅಳತೆಯ ದಿನವೇ ಗುಂಡಿಯ ಮುಚ್ಚಳ ತೆಗೆದು, ಕ್ಲಾಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡುತ್ತೇನೆ.